ಹಾಟ್‌ಬಾಕ್ಸ್ ಕೊಟ್ಟ ಅಕ್ಕನಿಗೆ, ಚಂದ್ರನನ್ನು ಹುಡುಕಿದ ಗೆಳತಿಗೆ

ಎಂ.ಎ. ಮುಗಿಯಿತು. ಫಲಿತಾಂಶ ನೋಡಿದಾಗ ಮೊದಲು ನೆನಪಾದದ್ದು ಮಾನಸಗಂಗೋತ್ರಿಯ ಹಾಸ್ಟೆಲ್ ಅಡುಗೆಮನೆ. ಮೇಷ್ಟ್ರುಗಳು ಬೇಜಾರು ಮಾಡಿಕೊಳ್ಳಬಾರದು.

2023ರ ಕೊನೆಗೆ ರಾಯಚೂರಿನಿಂದ ಮೈಸೂರಿಗೆ ಬಂದೆ. ಹಾಸ್ಟೆಲ್ ಸಿಗುವ ತನಕ ಅಂತ ಪಿ.ಜಿ. ಹುಡುಕಿದೆವು. ಫೋನಿನಲ್ಲಿ 'ರೂಮಿದೆ, ಬನ್ನಿ' ಅಂದವರು ಹೆಸರು ಕೇಳಿದ ಮೇಲೆ 'ಈಗ ತಾನೇ ಯಾರೋ ಅಡ್ವಾನ್ಸ್ ಕೊಟ್ಟರು' ಅಂದರು. ಹೀಗೆ ಮೂರು ಕಡೆ. ಅಬ್ಬಾ 'ವಾಪಸ್ ಹೋಗೋಣವಾ?' ಅಂತ ಒಂದೇ ಸಲ ಕೇಳಿದರು.

ಕ್ಲಾಸಿನಲ್ಲಿ ಇನ್ನೊಂದು ಥರ. 'ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀರಿ!' ಕನ್ನಡ ಎಂ.ಎ. ಓದುವವಳಿಗೆ! ಪ್ರೀತಿಯಿಂದಲೇ ಹೇಳುತ್ತಿದ್ದರು. ಆದರೂ ಪ್ರತಿ ಸಲ ಹೊಸ್ತಿಲಾಚೆ ನಿಂತ ಹಾಗಾಗುತ್ತಿತ್ತು.

2024ರ ಮಾರ್ಚಿನಲ್ಲಿ ರಂಜಾನ್ ಬಂತು. ಉಪವಾಸಕ್ಕೆ ಮುಂಚಿನ ಊಟ ಸಹರಿ ಮುಗಿಯಬೇಕಾದದ್ದು ಬೆಳಗಿನ ಜಾವ 5ರ ಸುಮಾರಿಗೆ, ಮೆಸ್ಸಿನ ಬಾಗಿಲು ತೆರೆಯುವುದು 8ಕ್ಕೆ. ಬಿಸ್ಕತ್ತು, ನೀರಿನ ಮೇಲೆ ಎರಡು ರೋಜಾ ಉಪವಾಸ ಕಳೆದೆ. ಮೂರನೆಯ ರಾತ್ರಿ ಅಡುಗೆಯ ಅಕ್ಕ ಚಪಾತಿ, ಪಲ್ಯ ತುಂಬಿದ ಹಾಟ್‌ಬಾಕ್ಸ್ ಕೈಗಿಟ್ಟು 'ಬೆಳಿಗ್ಗೆ ತೊಳೆದು ಕೊಡು' ಅಂದರು. ಅಷ್ಟೇ. ನೀರೂ ಕುಡಿಯಲ್ವಾ, ಸುಸ್ತಾಗಲ್ವಾ, ಯಾವುದೂ ಇಲ್ಲ. ಮರುವರ್ಷವೂ ಆ ಡಬ್ಬಿ ತಪ್ಪಲಿಲ್ಲ. ಅಕ್ಕಾ, ನಿಮ್ಮ ಋಣ ದೊಡ್ಡದು.

ಮಂಡ್ಯದ ನನ್ನ ರೂಮ್‌ಮೇಟಿಗೂ. 4ಕ್ಕೆ ಅಲಾರಾಂ ಇಟ್ಟು, ನನ್ನನ್ನು ಎಬ್ಬಿಸಿ, ತಾನು ಮತ್ತೆ ಮುಸುಕೆಳೆಯುತ್ತಿದ್ದಳು. 2025ರಲ್ಲಿ ಮಾರ್ಚ್ 30ಕ್ಕೆ ಯುಗಾದಿ. ಸೆಮಿನಾರ್ ಇದ್ದದ್ದರಿಂದ ಇಬ್ಬರೂ ಊರಿಗೆ ಹೋಗಿರಲಿಲ್ಲ. ಸಂಜೆ ಟೆರೇಸ್ ಹತ್ತಿದೆವು. ಅವಳಿಗೆ ಯುಗಾದಿ ಚಂದ್ರ ಬೇಕು, ನನಗೆ ಈದ್ ಚಂದ್ರ. ಹಿಂದಿನ ದಿನ ಅಮಾವಾಸ್ಯೆ ಕಳೆದು ಹುಟ್ಟಿದ ಒಂದೇ ಎಳೆ. ಅವಳು ಕೈ ಮುಗಿದಳು, ನಾನು ದುವಾ ಮಾಡಿದೆ. ಮೊದಲು ಕಂಡದ್ದು ಯಾರಿಗೆ ಅಂತ ಆಮೇಲೆ ಜಗಳ. ನನಗೇ.

ಮರುದಿನ ನನಗೆ ಈದ್, ಅವಳಿಗೆ ಬಾಡೂಟದ ಹೊಸತೊಡಕು. ಉದಯಗಿರಿಯ ಗೆಳತಿಯ ಮನೆಯಿಂದ ಬಿರಿಯಾನಿ ಬಂತು. ಇವಳು ನೋಡಿದರೆ 'ಸೋಮವಾರ ಕಣೇ, ನಮ್ಮನೇಲಿ ಬಾಡು ಮುಟ್ಟಲ್ಲ' ಅಂತ ಮುಖ ಸಣ್ಣ ಮಾಡಿಕೊಂಡಳು. ಶಾವಿಗೆ ಪಾಯಸದಂಥ ಶೀರ್ ಖುರ್ಮಾ ಮಾತ್ರ ಮೂರು ಬಟ್ಟಲು ಹೋಯಿತು. ಅವಳ ಪಾಲಿನ ಬಿರಿಯಾನಿಗೆ ತಮ್ಮ ಫ್ರಿಜ್ಜಿನಲ್ಲಿ ಮಂಗಳವಾರದ ತನಕ ಜಾಗ ಕೊಟ್ಟ ವಾರ್ಡನ್ ಮೇಡಂ, ನಿಮಗೂ ವಂದನೆ. ಡಬ್ಬಿ ಇನ್ನೂ ನಿಮ್ಮಲ್ಲೇ ಇದೆ.