ಅಂಕೋಲೆಯ ಉಪ್ಪಿನ ಕಥೆ

ಮಾನ್ಯರೇ,

ಉಪ್ಪಿನ ಸತ್ಯಾಗ್ರಹ ಎಂದರೆ ನಮ್ಮ ಮಕ್ಕಳಿಗೆ ದಂಡಿ ಮಾತ್ರ ಗೊತ್ತು, ಪಕ್ಕದ ಅಂಕೋಲೆ ಗೊತ್ತಿಲ್ಲ. 1930ರ ಏಪ್ರಿಲ್ 13ರಂದು ಇದೇ ಕಡಲ ದಂಡೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಜನ ಉಪ್ಪು ತಯಾರಿಸಿ ಕಾನೂನು ಮುರಿದರು. ಕಥೆ ಅಲ್ಲಿಗೇ ಮುಗಿಯಲಿಲ್ಲ. ಆಮೇಲೆ ಕರ ನಿರಾಕರಣೆ ಚಳವಳಿ ನಡೆಯಿತು. ಕಂದಾಯ ಕಟ್ಟುವುದಿಲ್ಲ ಎಂದ ರೈತರ ಜಮೀನು ಜಪ್ತಿಯಾಯಿತು, ಹರಾಜಿಗೂ ಬಂತು. ಜೈಲು ಒಂದು ಕಷ್ಟ, ನಿಜ. ಆದರೆ ಉಣ್ಣುವ ಗದ್ದೆಯನ್ನೇ ಕಳೆದುಕೊಳ್ಳುವುದು ಇನ್ನೂ ದೊಡ್ಡದು, ಅಲ್ವಾ? ಗುಜರಾತಿನ ಬಾರ್ಡೋಲಿಯ ರೈತರೂ ಹೀಗೇ ಕಂದಾಯ ಕಟ್ಟಲು ಒಪ್ಪದೆ ಹೋರಾಡಿದ್ದರು; ಅಂಕೋಲೆಗೆ ‘ಕರ್ನಾಟಕದ ಬಾರ್ಡೋಲಿ’ ಎಂಬ ಹೆಸರು ಸುಮ್ನೆ ಬಂದಿದ್ದಲ್ಲ.

ಈಗ ಹೆದ್ದಾರಿಯಲ್ಲಿ ಬರುವವರು ಮೀನೂಟ ಮಾಡಿ, ಸೀಸನ್ನಿನಲ್ಲಾದರೆ ಕರಿ ಇಶಾಡು ಮಾವು ಕೊಂಡು ಮುಂದೆ ಹೋಗುತ್ತಾರೆ. (ಹಣ್ಣು ಬಿಡಬೇಡಿ, ಅದು ಬೇರೆ ಮಾತು!)

ಬಸ್ ನಿಲ್ದಾಣದಲ್ಲಿ ಈ ಕಥೆ ಹೇಳುವ ಒಂದು ದೊಡ್ಡ ಫಲಕ ಹಾಕಲಿ. ಪ್ರತಿ ಏಪ್ರಿಲ್ 13ಕ್ಕೆ ಮಕ್ಕಳನ್ನು ಕಡಲ ದಂಡೆಗೆ ಕರೆದೊಯ್ದು ಉಪ್ಪು ಮಾಡಿ ತೋರಿಸಲಿ. ಜಮೀನು ಕಳೆದುಕೊಂಡ ಮನೆಗಳ ಹಿರಿಯರು ಹೇಳುವುದನ್ನು ಕಾಲೇಜು ಹುಡುಗರು ಮೊಬೈಲಿನಲ್ಲೇ ರೆಕಾರ್ಡ್ ಮಾಡಿಕೊಳ್ಳಬಹುದು. ಇದಕ್ಕೆ ಜಾಸ್ತಿ ಖರ್ಚೂ ಇಲ್ಲ.

– ಒಬ್ಬ ಓದುಗ, ಅಂಕೋಲಾ