ಮಗಳಿಗೊಂದು ಪತ್ರ: ಅಪ್ಪನ ಕೈಲಿ ಕಳಿಸಿದ ನೋಟ್‌ಬುಕ್ಕು

ಪ್ರೀತಿಯ ಪುಟ್ಟಿ,

ಮೊನ್ನೆ ರಾತ್ರಿ ಫೋನಿನಲ್ಲಿ ನೀನು ಸರಿಯಾಗಿ ಮಾತಾಡಲಿಲ್ಲ. ಇಲ್ಲಿ ಅಡಿಕೆ ಸುಲಿಯುವವರ ಗಲಾಟೆ ಬೇರೆ. ಆದರೂ ನೀನು ಹೇಳಿದ ಒಂದು ಮಾತು ಕಿವಿಯಲ್ಲೇ ಉಳಿದುಬಿಟ್ಟಿದೆ. "ಅಮ್ಮಾ, ರೂಮಿನಲ್ಲಿ ಎಲ್ಲರ ಹತ್ರಾನೂ ಐದಾರು ಸರ್ಟಿಫಿಕೇಟ್ ಇದೆ. ನನ್ನ ಹತ್ರ ತೋರಿಸೋಕೆ ಏನೂ ಇಲ್ಲ" ಅಂದೆ. ಅಷ್ಟರಲ್ಲಿ ಸಿಗ್ನಲ್ ಹೋಯಿತು. ಆಮೇಲೆ ನನಗೆ ನಿದ್ದೆ ಬರಲಿಲ್ಲ. ಫೋನಿನಲ್ಲಿ ಇದನ್ನೆಲ್ಲ ಹೇಳಿ ಮುಗಿಸೋಕೆ ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಸೋಮವಾರ ಅಪ್ಪ ಅಡಿಕೆ ತೆಗೆದುಕೊಂಡು ಶಿವಮೊಗ್ಗಕ್ಕೆ ಬರುತ್ತಾರೆ. ಮಂಡಿ ಕೆಲಸ ಮುಗಿಸಿ ಹಾಸ್ಟೆಲಿಗೆ ಬಂದು ಈ ಪತ್ರ ಕೊಡುತ್ತಾರೆ. ಜೊತೆಗೆ ನೀಲಿ ರಟ್ಟಿನ ಒಂದು ಹಳೇ ನೋಟ್‌ಬುಕ್ಕು ಇರುತ್ತದೆ. ಅಟ್ಟದಲ್ಲಿ ನಿನ್ನ ಪೆಟ್ಟಿಗೆಯಲ್ಲಿ ಇತ್ತು. ನೆನಪಾಯಿತಾ?

2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಉಣುಗು ಕಚ್ಚಿ ಹತ್ತುವ ಮಂಗನ ಕಾಯಿಲೆಗೆ ಜನ ಸತ್ತರು. ನಮ್ಮ ತೀರ್ಥಹಳ್ಳಿ ಕಡೆಯೂ ಎಲ್ಲರಿಗೂ ಹೆದರಿಕೆ ಹತ್ತಿತ್ತು. ದರಗು, ಅಂದರೆ ಉದುರಿದ ಒಣ ಎಲೆ, ತರೋಕೆ ಕಾಡಿಗೆ ಹೋಗಬೇಡಿ ಅಂದರು. ಆಶಾ ಕಾರ್ಯಕರ್ತೆ ಬಂದು ಕೈಕಾಲಿಗೆ ಹಚ್ಚಿಕೊಳ್ಳುವ ಎಣ್ಣೆ ಕೊಟ್ಟು ಹೋದರು. ಆ ಮಳೆಗಾಲದಲ್ಲೇ ನೀನು ಗೌರಿ ದನದ ಕಿವಿ ಹಿಡಿದು ಉಣುಗು ಎಣಿಸೋಕೆ ಶುರು ಮಾಡಿದ್ದು. ಪ್ರತಿ ಭಾನುವಾರ. ಎಡಗಿವಿಯಲ್ಲಿ ಎಷ್ಟು, ಬಲಗಿವಿಯಲ್ಲಿ ಎಷ್ಟು, ದೊಡ್ಡದೋ ಚಿಕ್ಕದೋ, ಮಳೆ ಬಂದಿತ್ತೋ ಇಲ್ಲವೋ. ಒಂದು ವರ್ಷ ಬರೆದಿದ್ದೀಯ. ಪರೀಕ್ಷೆ ಇದ್ದ ನಾಲ್ಕು ವಾರ ಮಾತ್ರ ಖಾಲಿ.

ನಿನ್ನೆ ಕೂತು ಪೂರ್ತಿ ಓದಿದೆ. ಮಳೆಗಾಲದಲ್ಲಿ ದೊಡ್ಡ ಉಣುಗು ಜಾಸ್ತಿ ಅಂತ ಇದೆ. ದೀಪಾವಳಿ ಕಳೆದ ಮೇಲೆ "ಸಾಸಿವೆಗಿಂತ ಚಿಕ್ಕವು, ನನ್ನ ಕಾಲಿಗೂ ಹತ್ತಿದವು" ಅಂತ ಇದೆ. ಕೊನೇ ಪುಟದಲ್ಲಿ ಕೆಂಪು ಪೆನ್ನಿನಲ್ಲಿ ಒಂದು ಪ್ರಶ್ನೆ: "ಮಳೆ ನಿಂತ ಮೇಲೇ ಚಿಕ್ಕ ಉಣುಗು ಯಾಕೆ ಬರುತ್ತೆ?"

ಈ ಪ್ರಶ್ನೆ ಚಿಕ್ಕದಲ್ಲ ಮಗಳೇ. ಬಲಿತ ಉಣುಗು ಮಳೆಗಾಲದಲ್ಲಿ ದನಕರುವಿನ ಮೇಲೆ ಇರುತ್ತದೆ. ಅದರ ಮೊಟ್ಟೆ ಒಡೆದು ಬಂದ ಮರಿಗಳು ಬೆಳೆದು, ಚಳಿಗಾಲದಿಂದ ಬೇಸಿಗೆವರೆಗೆ ಕಾಡಿನ ದರಗಿನಲ್ಲಿ ಕಾಯುತ್ತವೆ. ಜನಕ್ಕೆ ಕಾಯಿಲೆ ಹೆಚ್ಚಾಗಿ ಹತ್ತುವುದು ಆ ಚಿಕ್ಕ ಉಣುಗಿನಿಂದಲೇ. ವಿಜ್ಞಾನಿಗಳು ವರ್ಷಗಟ್ಟಲೆ ಕಾಡಿನಲ್ಲಿ ಬಟ್ಟೆ ಎಳೆದು ಉಣುಗು ಹಿಡಿದು ಇದನ್ನು ಕಂಡುಕೊಂಡರು. ನೀನು ಕೊಟ್ಟಿಗೆಯಲ್ಲಿ ನಿಂತು ಅದರ ಒಂದು ತುದಿ ಹಿಡಿದಿದ್ದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದಾಗ ಮಂಗನ ಕಾಯಿಲೆಯ ವೈರಸ್ ಪತ್ತೆಯಾಯಿತು. ಇವತ್ತಿಗೂ ಜಗತ್ತಿನ ಎಲ್ಲ ಪುಸ್ತಕದಲ್ಲಿ ಅದಕ್ಕೆ ನಮ್ಮ ಕ್ಯಾಸನೂರಿನದೇ ಹೆಸರು. ಆ ನೆಲದ ಹುಡುಗಿ ನೀನು. ಪ್ರಾಣಿಶಾಸ್ತ್ರ ಓದುತ್ತಿದ್ದೀಯ. ನಿನ್ನ ಹತ್ತಿರ ಏನೂ ಇಲ್ಲ ಅಂತ ಹೇಗೆ ಅಂದೆ?

ಸರ್ಟಿಫಿಕೇಟ್ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಪಂಚಾಯಿತಿ ಲೈಬ್ರರಿಯ, ಅದೇ ಅರಿವು ಕೇಂದ್ರದ, ಕಂಪ್ಯೂಟರ್ ಮುಂದೆ ಕೂತು ಊರಿನ ಮಕ್ಕಳ ಅರ್ಜಿ ತುಂಬಿಸಿ ತುಂಬಿಸಿ ನನಗೆ ಒಂದು ವಿಷಯ ಕಂಡಿದೆ. "ಯಾವುದಾದರೂ ಒಂದು ಇಂಟರ್ನ್‌ಶಿಪ್ ಇದ್ದರೆ ಹೇಳಿ ಅಕ್ಕಾ" ಅಂತ ಬರುವ ಮಕ್ಕಳು ಹತ್ತು ಅರ್ಜಿ ಹಾಕಿ ಸುಸ್ತಾಗುತ್ತಾರೆ. "ನನಗೆ ಇದರ ಬಗ್ಗೆ ತಿಳಿಯಬೇಕು" ಅಂತ ಬರುವವರಿಗೆ ಎಲ್ಲಿ ಕೇಳಬೇಕು ಅನ್ನುವುದು ಬೇಗ ಗೊತ್ತಾಗುತ್ತದೆ. ನಿನ್ನ ಹತ್ತಿರ ಆ "ಇದು" ಇದೆ. ಅದನ್ನು ಹಿಡಿದುಕೊಂಡೇ ಮುಂದಿನದನ್ನೆಲ್ಲ ನೋಡು.

ಈಗ ನೀನು ಮೊದಲು ಮಾಡಬೇಕಾದ್ದು ಬೇಸಿಗೆ ಫೆಲೋಶಿಪ್ಪಿನ ಅರ್ಜಿ. ಸಿ.ವಿ. ರಾಮನ್ ಅವರು 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಇದೆಯಲ್ಲ, ಅದೂ ದೆಹಲಿ ಮತ್ತು ಪ್ರಯಾಗರಾಜದ ಇನ್ನೆರಡು ಅಕಾಡೆಮಿಗಳೂ ಸೇರಿ ನಡೆಸುತ್ತವೆ. ಆಯ್ಕೆಯಾದವರು ಎರಡು ತಿಂಗಳು ಒಬ್ಬ ವಿಜ್ಞಾನಿಯ ಹತ್ತಿರ ಕೆಲಸ ಮಾಡಬೇಕು. ಸ್ಟೈಪೆಂಡ್ ಕೊಡುತ್ತಾರೆ, ಹೋಗಿಬರುವ ರೈಲಿನ ಖರ್ಚೂ ಕೊಡುತ್ತಾರೆ. ಹೆಸರು ಬೇಸಿಗೆಯದಾದರೂ ಅರ್ಜಿ ಕರೆಯುವುದು ಚಳಿ ಶುರುವಾಗುವ ಹೊತ್ತಿಗೆ. ಅಂದರೆ ಈಗ. ನಮ್ಮ ಕಡೆ ಮಕ್ಕಳು ತಪ್ಪಿಸಿಕೊಳ್ಳುವುದೇ ಇಲ್ಲಿ. ಏಪ್ರಿಲ್‌ನಲ್ಲಿ ಪರೀಕ್ಷೆ ಹತ್ತಿರ ಬಂದಾಗ "ರಜದಲ್ಲಿ ಏನು ಮಾಡಲಿ" ಅಂತ ಕೇಳುತ್ತಾರೆ. ಅಷ್ಟು ಹೊತ್ತಿಗೆ ಪಟ್ಟಿ ಬಂದು ಹೋಗಿರುತ್ತದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ವಿಜ್ಞಾನ ಸಂಶೋಧನಾ ಕೇಂದ್ರದಲ್ಲೂ ಇಂಥದ್ದೇ ಒಂದು ಬೇಸಿಗೆ ಫೆಲೋಶಿಪ್ ಇದೆ. ಅದನ್ನೂ ನೋಡು.

ಅರ್ಜಿಯಲ್ಲಿ ನಿನಗೆ ಏನು ಮಾಡಬೇಕು ಅಂತಿದೆ ಅಂತ ಒಂದು ಬರಹ ಕೇಳುತ್ತಾರೆ. ಒಬ್ಬ ಮೇಷ್ಟ್ರ ಶಿಫಾರಸು ಪತ್ರವೂ ಬೇಕು. ಬರಹವನ್ನು ಎಲ್ಲಿಂದಲೋ ತೆಗೆದು ಅಂಟಿಸಬೇಡ. ಮೊದಲು ಕನ್ನಡದಲ್ಲಿ ಬರೆ. ಕೊಟ್ಟಿಗೆ, ಗೌರಿಯ ಕಿವಿ, ಭಾನುವಾರದ ಲೆಕ್ಕ, ಎಲ್ಲ ಇರಲಿ. ಆಮೇಲೆ ಇಂಗ್ಲಿಷಿಗೆ ಮಾಡಿಕೋ. ಕನ್ನಡ ಮೀಡಿಯಮ್ಮಿನಿಂದ ಬಂದೆ ಅನ್ನುವ ಅಳುಕು ನಿನಗೆ ಇದೆ ಅಂತ ಗೊತ್ತು. ಸುಮ್ನೆ ಸಣ್ಣ ಸಣ್ಣ ವಾಕ್ಯ ಬರೆ. ನೀನು ನೋಡಿದ್ದನ್ನು ನೋಡಿದ ಹಾಗೆ ಬರೆದರೆ ಅದು ಯಾವ ಭಾಷೆಯಲ್ಲೂ ಗಟ್ಟಿಯಾಗಿಯೇ ಇರುತ್ತದೆ.

ಶಿಫಾರಸು ಪತ್ರಕ್ಕೆ ಮೇಷ್ಟ್ರನ್ನು ಕೊನೇ ದಿನ ಕೇಳಬೇಡ. ಎರಡು ವಾರ ಮುಂಚೆ ಹೋಗು. ನೋಟ್‌ಬುಕ್ಕು ತೋರಿಸು. ನಿನ್ನ ಅಂಕಪಟ್ಟಿಯ ಒಂದು ಪ್ರತಿ ಅವರ ಕೈಗೆ ಕೊಡು.

ಅರ್ಜಿ ಒಂದನ್ನೇ ನಂಬಿ ಕೂರುವುದೂ ಬೇಡ. ವಿಜ್ಞಾನಿಗಳಿಗೆ ನೇರವಾಗಿ ಈಮೇಲ್ ಬರೆಯಬಹುದು, ಅದರಲ್ಲಿ ಸಂಕೋಚ ಏನಿದೆ? ಮಂಗನ ಕಾಯಿಲೆ ಕಾಡಿನ ಅಂಚಿನ ಜನಕ್ಕೆ ಯಾಕೆ ಹತ್ತುತ್ತದೆ ಅಂತ ಪರಿಸರದ ಸಂಶೋಧನೆ ಮಾಡುವ ಬೆಂಗಳೂರಿನ ಏಟ್ರೀ ಸಂಸ್ಥೆಯವರೂ ದನಕರುಗಳ ರೋಗದ ಸಂಶೋಧನೆ ಮಾಡುವ ಯಲಹಂಕದ ನಿವೇದಿ ಸಂಸ್ಥೆಯವರೂ ನಮ್ಮ ಮಲೆನಾಡಿನಲ್ಲೇ ಓಡಾಡಿ ಕೆಲಸ ಮಾಡಿದ್ದಾರೆ. ಅವರು ಬರೆದ ಒಂದು ಲೇಖನವನ್ನಾದರೂ ಓದಿ ಆಮೇಲೆ ಬರೆ. ನೀನು ಯಾರು, ಏನು ನೋಡಿದ್ದೀಯ, ಏನು ಕಲಿಯಬೇಕು, ಯಾವ ತಿಂಗಳು ಬಿಡುವಿದೆ. ಹತ್ತು ಸಾಲು ಸಾಕು. ಉತ್ತರ ಬರದಿದ್ದರೆ ಬೇಜಾರಾಗಬೇಡ, ಎರಡು ವಾರ ಬಿಟ್ಟು ಇನ್ನೊಮ್ಮೆ ಬರೆ. ಅವರಿಗೂ ಕೆಲಸ ಇರುತ್ತದೆ ಅಲ್ವಾ.

ಅಪ್ಪನಿಗೆ ಇದನ್ನೆಲ್ಲ ಓದಿ ಹೇಳಿದೆ. "ಉಣುಗು ಎಣಿಸಿ ಏನು ಬಂತು" ಅಂತ ಅಡಿಕೆ ಸುಲಿಯೋಕೆ ಬಂದವರೊಬ್ಬರು ಕೇಳಿದರು. ಅಪ್ಪ ಕೊಟ್ಟ ಉತ್ತರ ನಿನಗೆ ಹೇಳಲೇಬೇಕು. ಅಜ್ಜನ ಅಜ್ಜನ ಕಾಲದಲ್ಲಿ ಕೊಳೆರೋಗ ಬಾರದಿರಲಿ ಅಂತ ಅಡಿಕೆ ಗೊನೆಗೆ ಮಳೆ ತಾಗದ ಹಾಗೆ ಕೊಟ್ಟೆ ಅನ್ನುವ ಹೊದಿಕೆ ಕಟ್ಟುತ್ತಿದ್ದರು. ಮಳೆ ಜೋರಾದರೆ ಕೊಟ್ಟೆ ಕಟ್ಟಿದರೂ ಕಾಯಿ ಉದುರುತ್ತಿತ್ತು. 1908ರಲ್ಲಿ ಕೆನಡಾದಿಂದ ಲೆಸ್ಲಿ ಕೋಲ್ಮನ್ ಅಂತ ಒಬ್ಬರು ಮೈಸೂರು ಸಂಸ್ಥಾನಕ್ಕೆ ಬಂದರು. ಮಲೆನಾಡಿನ ಅಡಿಕೆ ಕೊಳೆಯನ್ನೇ ಹಿಡಿದು ಕೂತು ಅಭ್ಯಾಸ ಮಾಡಿದರು, ಬೋರ್ಡೋ ದ್ರಾವಣ ಹೊಡೆದರೆ ತಡೆಯಬಹುದು ಅಂತ ತೋರಿಸಿದರು. "ನಾನು ಈಗಲೂ ಪ್ರತಿ ವರ್ಷ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಹಾಕಿ ಹೊಡೀತೀನಲ್ಲ, ಅದು ಯಾರೋ ಕೂತು ನೋಡಿದ್ದಕ್ಕೆ ಬಂದಿದ್ದು" ಅಂದರು. ಅಪ್ಪ ನಿನ್ನೆದುರು ಇಷ್ಟು ಮಾತಾಡುವುದಿಲ್ಲ. ಅದಕ್ಕೆ ಬರೆದೆ.

ಸ್ವಯಂಸೇವೆಯ ವಿಷಯ. ಎನ್ನೆಸ್ಸೆಸ್, ಅದೇ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆ, ಬಿಡಬೇಡ. ಎರಡು ವರ್ಷಕ್ಕೆ 240 ಗಂಟೆ, ಏಳು ದಿನದ ಒಂದು ಶಿಬಿರ, ಅಷ್ಟೇ ಇರುವುದು. ಊರಿನ ಹೆಂಗಸರ ಹತ್ತಿರ ಕೂತು ಮಾತಾಡೋಕೆ ಕಲಿಯುತ್ತೀಯ. ನಿನಗೆ ಮುಂದೆ ಮನೆಮನೆಗೆ ಹೋಗಿ ಜ್ವರದ ಬಗ್ಗೆ ಕೇಳುವ ಕೆಲಸ ಬಂದರೆ ಅದೇ ನೆರವಾಗುವುದು. ಫೆಬ್ರವರಿಯಲ್ಲಿ ನಾಲ್ಕು ದಿನ ಹಕ್ಕಿ ಎಣಿಸುವ ಕಾರ್ಯಕ್ರಮ ಬರುತ್ತದೆ, ಕಾಲೇಜಿನ ಆವರಣದಲ್ಲೇ ಮಾಡಬಹುದು. ಸೀಸನ್‌ವಾಚ್ ಅಂತ ಇನ್ನೊಂದಿದೆ. ಒಂದು ಮರ ಆರಿಸಿಕೊಂಡು ವಾರಕ್ಕೊಮ್ಮೆ ಚಿಗುರು, ಹೂವು, ಕಾಯಿ ಬರೆದು ಹಾಕುವುದು. ಭಾನುವಾರದ ಅಭ್ಯಾಸ ನಿನಗೆ ಹೇಗೂ ಇದೆ. ಇವುಗಳಿಗೆ ದುಡ್ಡು ಬೇಡ, ಯಾರ ಒಪ್ಪಿಗೆಯೂ ಬೇಡ.

ಆಗುಂಬೆಯ ಮಳೆಕಾಡು ಸಂಶೋಧನಾ ಕೇಂದ್ರದ ಬಗ್ಗೆ ಕೇಳಿದ್ದೆಯಲ್ಲ. ಹಾವುಗಳ ತಜ್ಞ ರೋಮುಲಸ್ ವಿಟೇಕರ್ 2005ರಲ್ಲಿ ಶುರು ಮಾಡಿದ್ದು. ಕಾಳಿಂಗ ಸರ್ಪಕ್ಕೆ ರೇಡಿಯೋ ಟ್ರಾನ್ಸ್‌ಮಿಟರ್ ಹಾಕಿ ಅದು ಎಲ್ಲೆಲ್ಲಿ ಓಡಾಡುತ್ತದೆ ಅಂತ ನೋಡಿದ್ದು ಅಲ್ಲೇ. ನಮ್ಮ ಮನೆಯಿಂದ ಒಂದು ಬಸ್ಸಿನ ದಾರಿ. ವಿದ್ಯಾರ್ಥಿಗಳಿಗೆ ಯಾವಾಗ ಅವಕಾಶ, ಊಟ ವಸತಿಗೆ ನಾವು ಕಟ್ಟಬೇಕಾ, ಎಲ್ಲ ಬರೆದು ಕೇಳು. ಕೇಳದೆ ಅಂದಾಜು ಮಾಡಬೇಡ.

ದುಡ್ಡಿನ ವಿಷಯಕ್ಕೆ ಬರುವ ಮುಂಚೆ ನನ್ನದೊಂದು ಕಥೆ. ನಿನಗೆ ಯಾವತ್ತೂ ಹೇಳಿಲ್ಲ. 1996ರ ಜುಲೈ. ಬಿ.ಎ. ಮುಗಿಸಿ ಎಂ.ಎ.ಗೆ ಅರ್ಜಿ ಹಾಕಿದ್ದೆ. ಸಂದರ್ಶನದ ಕಾಗದ ಬಂತು. ಆ ವಾರ ಹೊಳೆ ಏರಿ ನಮ್ಮ ಕಾಲುಸಂಕ ಕೊಚ್ಚಿ ಹೋಗಿತ್ತು. ಕಾಗದ ಆಚೆ ದಡದ ಅಂಗಡಿಯಲ್ಲಿ ಒಂಬತ್ತು ದಿನ ಕೂತಿತ್ತು. ನನ್ನ ಕೈಗೆ ಬಂದಾಗ ತಾರೀಖು ಮುಗಿದು ಮೂರು ದಿನ. ನಿಮ್ಮ ಅಜ್ಜ ಓದಿ, ಮಡಚಿ, ದೇವರ ಗೂಡಿನಲ್ಲಿ ಇಟ್ಟರು. ಮತ್ತೆ ಆ ಮಾತು ಯಾರೂ ಎತ್ತಲಿಲ್ಲ. ಮುಂದಿನ ವರ್ಷ ಮದುವೆಯಾಯಿತು. ಈಗಲೂ ಯಾವುದಾದರೂ ಹುಡುಗಿ "ಇವತ್ತು ಕೊನೇ ದಿನ ಅಕ್ಕಾ" ಅಂತ ಓಡಿ ಬಂದರೆ ನನ್ನ ಎದೆ ಹೊಡೆದುಕೊಳ್ಳುತ್ತದೆ.

ಅದಕ್ಕೇ ಕಾಗದಪತ್ರದ ವಿಷಯದಲ್ಲಿ ಇಷ್ಟು ಗಲಾಟೆ ಮಾಡುತ್ತೇನೆ, ಸಿಟ್ಟಾಗಬೇಡ. ರಾಜ್ಯದ ಸ್ಕಾಲರ್‌ಶಿಪ್ಪಿನ ಎಸ್‌ಎಸ್‌ಪಿ ಪೋರ್ಟಲ್ಲಿನ ಅರ್ಜಿಗೆ ನಿನ್ನ ಜಾತಿ ಆದಾಯ ಪ್ರಮಾಣ ಪತ್ರದ ಮೇಲಿರುವ ಆರ್‌ಡಿ ನಂಬರ್ ಬೇಕು. ನಾಡಕಚೇರಿಯಿಂದ ಹೊಸದು ಮಾಡಿಸಿದ್ದೇನೆ, ಅಪ್ಪನ ಕೈಲಿದೆ. ನೀನು ಕಾಲೇಜಿನಲ್ಲಿ ದಾಖಲೆಗಳಿಗೆ ಇ-ಅಟೆಸ್ಟೇಷನ್, ಅಂದರೆ ಆನ್‌ಲೈನ್ ದೃಢೀಕರಣ, ಮಾಡಿಸು. ರೈತರ ಮಕ್ಕಳ ಓದಿಗೆ ಕೊಡುವ ರೈತ ವಿದ್ಯಾನಿಧಿಗೆ ಅಪ್ಪನ ಎಫ್‌ಐಡಿ, ಅಂದರೆ ರೈತರ ಗುರುತಿನ ನಂಬರ್, ಬೇಕು. 2021ರಲ್ಲಿ ಅದು ಶುರುವಾದಾಗ ಡಿಗ್ರಿ ಓದುವ ಹುಡುಗಿಯರಿಗೆ ವರ್ಷಕ್ಕೆ 5,500 ರೂಪಾಯಿ ಅಂತ ಇತ್ತು. ಹೋದ ವರ್ಷ ನಿನ್ನ ದುಡ್ಡು ತಡವಾಗಿದ್ದು ಖಾತೆಗೆ ಆಧಾರ್ ಜೋಡಣೆ ಆಗದೆ. ಒಂದು ಸಲ ಬ್ಯಾಂಕಿಗೆ ಹೋಗಿ ಈ ಖಾತೆಗೇ ಜೋಡಣೆ ಆಗಿದೆಯಾ ಅಂತ ಬಾಯಿಬಿಟ್ಟು ಕೇಳು. ಆಧಾರಿನಲ್ಲೂ ಮಾರ್ಕ್ಸ್ ಕಾರ್ಡಿನಲ್ಲೂ ನಿನ್ನ ಹೆಸರಿನ ಸ್ಪೆಲ್ಲಿಂಗ್ ಒಂದೇ ಇದೆಯಾ ಅಂತ ಅಕ್ಷರ ಅಕ್ಷರ ನೋಡು. ಪಕ್ಕದ ಮನೆ ಹುಡುಗಿಗೂ ಒಂದು ಮಾತು ಹೇಳು, ಅವಳು ಈಗ ಮೊದಲ ವರ್ಷ. ಸರ್ಕಾರಿ ಶಾಲೆ ಕಾಲೇಜಿನಲ್ಲೇ ಹತ್ತು, ಪಿಯುಸಿ ಓದಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್ ವರ್ಷಕ್ಕೆ 30,000 ಕೊಡುತ್ತದೆ. ಅರ್ಜಿ ಹಾಕಬೇಕಾದ್ದು ಮೊದಲ ವರ್ಷದಲ್ಲೇ.

ಪಾರ್ಟ್‌ಟೈಮ್ ಕೆಲಸ ಬೇಕು ಅಂದೆ. ಮಾಡು, ಬೇಡ ಅನ್ನುವುದಿಲ್ಲ. ಹೈಸ್ಕೂಲು ಮಕ್ಕಳಿಗೆ ಪಾಠ ಹೇಳಿಕೊಡುವುದು ನಿನಗೆ ಒಗ್ಗುತ್ತದೆ. ಆದರೆ ಕೆಲಸ ಕೊಡುವ ಮುಂಚೆ ದುಡ್ಡು ಕೇಳಿದರೆ ಅಲ್ಲಿಗೇ ನಿಲ್ಲಿಸು. ನಮ್ಮೂರಿನ ಹುಡುಗನೊಬ್ಬ ಮನೆಯಲ್ಲೇ ಕೂತು ಟೈಪ್ ಮಾಡುವ ಕೆಲಸ ಅಂತ ನೋಂದಣಿಗೆ ಒಮ್ಮೆ, ಟ್ರೈನಿಂಗಿಗೆ ಒಮ್ಮೆ ದುಡ್ಡು ಕಳಿಸಿದ. ಮೂರನೇ ಸಲ ಕೇಳಿದಾಗ ನನ್ನ ಹತ್ತಿರ ಬಂದ. ಆನ್‌ಲೈನ್ ವಂಚನೆಯ ದೂರು ಕೊಡುವ 1930 ನಂಬರಿಗೆ ಫೋನ್ ಮಾಡಿಸಿದೆ. ಆ ಹುಡುಗ ಒಂದು ತಿಂಗಳು ಯಾರ ಮುಖವನ್ನೂ ನೋಡಲಿಲ್ಲ. ಅವನ ತಪ್ಪೇನಿತ್ತು ಹೇಳು, ಮನೆಗೆ ನೆರವಾಗಬೇಕು ಅಂತಿದ್ದ ಅಷ್ಟೆ.

ಎಂ.ಎಸ್ಸಿ., ನೆಟ್, ಆಮೇಲಿನ ಫೆಲೋಶಿಪ್ ಎಲ್ಲ ಈಗಲೇ ತಲೆಗೆ ಹಚ್ಚಿಕೊಳ್ಳಬೇಡ. ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್, ಅಂದರೆ ಸಂಶೋಧನೆ ಮಾಡೋಕೆ ಕೊಡುವ ಫೆಲೋಶಿಪ್, ಸಿಕ್ಕವರಿಗೆ 2023ರಿಂದ ತಿಂಗಳಿಗೆ 37,000 ಆಗಿದೆ ಅಂತ ಮಾತ್ರ ತಿಳಿದಿರಲಿ. ಓದು ಅಂದರೆ ಮನೆಯಿಂದ ದುಡ್ಡು ತರಿಸುವುದೇ ಅಂತ ನೀನು ಕೊರಗುತ್ತೀಯಲ್ಲ, ಅದಕ್ಕೆ ಹೇಳಿದೆ.

ಅಪ್ಪನ ಚೀಲದಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಇದೆ, ಒದ್ದೆ ಚಮಚ ಹಾಕಬೇಡಿ. ಫೆಲೋಶಿಪ್ಪಿನ ಬರಹ ಮೊದಲು ಕನ್ನಡದಲ್ಲಿ ಬರೆದು ಬುಧವಾರದೊಳಗೆ ವಾಟ್ಸಾಪಿನಲ್ಲಿ ಕಳಿಸು. ರಾತ್ರಿ ಎಲ್ಲರೂ ಸುಲಿಯುತ್ತಾ ಕೂತಿರುತ್ತಾರೆ, ಅಲ್ಲೇ ಗಟ್ಟಿಯಾಗಿ ಓದುತ್ತೇನೆ. ಉಣುಗಿನ ವಿಷಯದಲ್ಲಿ ನೀನು ಏನಾದರೂ ಬಿಟ್ಟಿದ್ದರೆ ಇವರೆಲ್ಲ ಹೇಳುತ್ತಾರೆ. ಮತ್ತೆ ಗೌರಿಯ ಮಗಳ ಕಿವಿಯನ್ನು ಈ ಭಾನುವಾರದಿಂದ ನಾನು ನೋಡೋಕೆ ಶುರು ಮಾಡಿದ್ದೇನೆ. ಎಡಕ್ಕೆ ಹನ್ನೊಂದು, ಬಲಕ್ಕೆ ಏಳು. ಎಲ್ಲ ಚಿಕ್ಕವು.

ನಿನ್ನ
ಅಮ್ಮ