ಮತ್ತೆ ಕೇಳಿಸುವಂತೆ ಮಾಡಿದವರಿಗೆ

ಮೂಡಿಗೆರೆ ತಾಲ್ಲೂಕಿನ ನಮ್ಮ ಊರಿನಲ್ಲಿ, ನನಗೆ ಎರಡೂ ಕಿವಿ ಹೋಯಿತೆಂಬ ಸುದ್ದಿ ನಾನು ಆಸ್ಪತ್ರೆ ಸೇರುವ ಮೊದಲೇ ಹಬ್ಬಿತ್ತು. ಈಗ ಬಲಗಿವಿ ಚೆನ್ನಾಗಿಯೂ ಎಡಗಿವಿ ಬಹುಮಟ್ಟಿಗೂ ಕೇಳಿಸುತ್ತಿವೆ ಎಂದು ತಿಳಿಸಲು ಮತ್ತು ಅದಕ್ಕೆ ಕಾರಣರಾದವರನ್ನು ನೆನೆಯಲು ಈ ಬರಹ.

ಮಳೆ ಹಿಂದೆ ಸರಿಯುತ್ತಿದ್ದಾಗ, ಕಾಫಿ ತೋಟದಲ್ಲಿ ಆಳುಗಳೊಡನೆ ನಿಂತು ಕಳೆ ತೆಗೆಸಿದ ಕೆಲವು ದಿನಗಳ ನಂತರ ಜ್ವರ ಬಂದಿತು. ತಲೆನೋವು, ಮೈಕೈನೋವು ವಿಪರೀತವಾಗಿದ್ದುದರಿಂದ ಮನೆಯವರು ಮಂಗನ ಕಾಯಿಲೆಯಿರಬಹುದೆಂದು ಹೆದರಿದರು. ಅದು ಹೆಚ್ಚಾಗಿ ಕಾಣಿಸಿಕೊಳ್ಳುವುದು ಚಳಿಗಾಲ, ಬೇಸಿಗೆಗಳಲ್ಲಾದರೂ ಮಲೆನಾಡಿನವರಿಗೆ ಜ್ವರವೆಂದರೆ ಮೊದಲು ಹೊಳೆಯುವುದು ಅದೇ. ಸಾಮಾನ್ಯ ಜ್ವರದ ಔಷಧಿಗಳಿಗೆ ಇದು ಬಗ್ಗಲಿಲ್ಲ. ಎರಡನೆಯ ವಾರ ಕಿವಿಯಲ್ಲಿ ಗುಂಯ್‌ಗುಡುವ ಸದ್ದು ಆರಂಭವಾಗಿ, ಮರುದಿನ ಬೆಳಗಾಗುವಷ್ಟರಲ್ಲಿ ಯಜಮಾನರ ತುಟಿ ಅಲುಗುವುದು ಕಾಣುತ್ತಿತ್ತೇ ಹೊರತು ಮಾತು ಕೇಳಿಸುತ್ತಿರಲಿಲ್ಲ.

ಹಾಸನದಲ್ಲಿ ನನ್ನನ್ನು ಪರೀಕ್ಷಿಸಿದ ಕಿವಿ, ಮೂಗು, ಗಂಟಲು ತಜ್ಞೆಗೆ ನನ್ನ ಮೊದಲ ವಂದನೆ. ಕಿವಿಯ ತಮಟೆಯಲ್ಲಿ ದೋಷವಿಲ್ಲ, ಪೆಟ್ಟು ಬಿದ್ದಿರುವುದು ಒಳಗಿವಿಗೆ ಅಥವಾ ಅದರ ನರಕ್ಕೆ ಎಂಬುದನ್ನು ಟ್ಯೂನಿಂಗ್ ಫೋರ್ಕ್ ಹಾಗೂ ಆಡಿಯೊಗ್ರಾಮ್ ಎಂಬ ಶ್ರವಣ ಪರೀಕ್ಷೆಗಳಿಂದ ಖಚಿತಪಡಿಸಿಕೊಂಡ ಅವರು ಅಷ್ಟಕ್ಕೇ ನಿಲ್ಲಿಸದೆ, ಜ್ವರದ ಜೊತೆಗೆ ಬಂದ ಕಿವುಡಿಗೆ ಜ್ವರದಲ್ಲಿಯೇ ಕಾರಣ ಹುಡುಕಬೇಕೆಂದು ಅಂದೇ ನನ್ನನ್ನು ಫಿಜಿಷಿಯನ್ ಬಳಿಗೆ ಕಳುಹಿಸಿದರು.

ಆದರೆ ಕಾರಣ ಸಿಕ್ಕಿದ್ದು ಒಬ್ಬ ಶುಶ್ರೂಷಕಿಯ ಕಣ್ಣಿಗೆ. ಮೈಮೇಲೆ ಎಲ್ಲಿಯಾದರೂ ಗಾಯವಿದೆಯೇ ಎಂಬ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ತೋರಿಸಿದಾಗ ನಾನು ಇಲ್ಲವೆಂದು ತಲೆಯಾಡಿಸಿದ್ದೆ. ಆಕೆ ಅದನ್ನು ಒಪ್ಪದೆ, ಪರದೆ ಎಳೆದು, ಕಂಕುಳು, ಎದೆಯ ಕೆಳಗಿನ ಮಡಿಕೆ, ಸೊಂಟ ಎಲ್ಲವನ್ನೂ ತಾಳ್ಮೆಯಿಂದ ನೋಡಿ, ಲಂಗದ ಲಾಡಿ ಕಟ್ಟುವಲ್ಲಿ ಸಿಗರೇಟಿನಿಂದ ಸುಟ್ಟಂತಹ ಕಪ್ಪು ಹಕ್ಕಳೆಯೊಂದನ್ನು ಪತ್ತೆಹಚ್ಚಿದರು. ಅದು ನೋಯುವುದೂ ಇಲ್ಲ, ತುರಿಸುವುದೂ ಇಲ್ಲ; ಹೆಂಗಸರಾದ ನಾವು ವೈದ್ಯರ ಮುಂದೆ ಇಂತಹ ಜಾಗಗಳನ್ನು ತೋರಿಸಲು ಹಿಂಜರಿಯುವುದರಿಂದ ಎಷ್ಟು ಬಾರಿ ಇದು ಕಣ್ತಪ್ಪಿ ಹೋಗುತ್ತದೆಯೋ ಎಂದು ಈಗ ಅನ್ನಿಸುತ್ತದೆ.

ಕಾಯಿಲೆಯ ಹೆಸರು ಸ್ಕ್ರಬ್ ಟೈಫಸ್. ಇಲಿ, ಹೆಗ್ಗಣಗಳು ಓಡಾಡುವ ಪೊದೆ, ಹುಲ್ಲುಗಳಲ್ಲಿರುವ ಮೈಟ್ ಎಂಬ ಜೀವಿಯ ಮರಿ ಕಚ್ಚಿದಾಗ ಒರಿಯೆಂಟಿಯಾ ಸುತ್ಸುಗಮುಶಿ ಎಂಬ ಬ್ಯಾಕ್ಟೀರಿಯಾ ನಮ್ಮ ದೇಹ ಸೇರುತ್ತದೆ; ಕಚ್ಚಿದ ಜಾಗದಲ್ಲಿ ಮೂಡುವುದೇ ಆ ಕಪ್ಪು ಹಕ್ಕಳೆ. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ರಕ್ತನಾಳಗಳ ಒಳಪದರಕ್ಕೆ ತಗಲುವ ಸೋಂಕಾದ್ದರಿಂದ ಅದು ಶ್ವಾಸಕೋಶ, ಮೆದುಳುಗಳನ್ನೂ ಬಾಧಿಸಬಲ್ಲದು. ಕೆಲವರಲ್ಲಿ ಕಿವಿಯೂ ಕೆಡುತ್ತದೆ. ಪೆನಿಸಿಲಿನ್ ಗುಂಪಿನ ಔಷಧಿಗಳು ಇದಕ್ಕೆ ನಾಟುವುದಿಲ್ಲ. ರಕ್ತಪರೀಕ್ಷೆಯ ವರದಿಗೆ ಕಾಯದೆ, ಹಕ್ಕಳೆ ಕಂಡ ಸಂಜೆಯೇ 100 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಅನ್ನು ದಿನಕ್ಕೆ ಎರಡು ಸಲದಂತೆ ಆರಂಭಿಸಿದ ಫಿಜಿಷಿಯನ್ ಅವರಿಗೆ ನಾನು ಚಿರಋಣಿ. ವಾರಗಟ್ಟಲೆ ಕಾಡಿದ ಜ್ವರ ಎರಡೇ ದಿನಗಳಲ್ಲಿ ಇಳಿಯಿತು, ಮಾತ್ರೆಯೂ ಅಗ್ಗದ್ದು. ಶ್ರವಣ ಮಾತ್ರ ನಿಧಾನವಾಗಿ, ಹಲವು ವಾರಗಳಲ್ಲಿ ಮರಳಿತು.

ಆ ವಾರಗಳಲ್ಲಿ ಹಾಲಿನ ಲೆಕ್ಕದಿಂದ ಹಿಡಿದು ಊರ ಜಗಳದವರೆಗೆ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದ ಸೊಸೆಗೆ, ತೋಟ ನೋಡಿಕೊಂಡ ಮೈದುನನಿಗೆ, ಹಾಸನದ ಓಡಾಟಕ್ಕೆ ಜೀಪು ಕೊಟ್ಟ ನೆರೆಯವರಿಗೆ ಕೃತಜ್ಞತೆಗಳು. ಕಿವಿಯ ಬಳಿ ಬಂದು ಕೂಗಿ ಮಾತನಾಡಿದವರಿಗೂ ವಂದನೆ ಸಲ್ಲಬೇಕು, ಅದರಿಂದ ಪ್ರಯೋಜನವೇನೂ ಆಗಲಿಲ್ಲವಾದರೂ.

ನಮ್ಮ ಊರಿನ ಆಶಾ ಕಾರ್ಯಕರ್ತೆ ಈಗ ತೋಟದ ಆಳುಗಳು ವಾಸಿಸುವ ಲೈನ್ ಮನೆಗಳಿಗೆ ಹೋಗಿ, ಕೆಲಸ ಮುಗಿದೊಡನೆ ಸ್ನಾನ ಮಾಡಿ ಬಟ್ಟೆ ಬದಲಿಸಬೇಕು, ಒಗೆದ ಬಟ್ಟೆಯನ್ನು ಪೊದೆಯ ಮೇಲೆ ಒಣಗಿಸಬಾರದು, ಜ್ವರ ಬಂದರೆ ಮೈಮೇಲಿನ ಕಪ್ಪು ಹಕ್ಕಳೆಯನ್ನು ಮುಚ್ಚಿಡದೆ ತೋರಿಸಬೇಕು ಎಂದು ಹೇಳುತ್ತಿದ್ದಾರೆ. ಅವರು ಕೇಳಿದರೆಂದು ನನ್ನ ಕಥೆಯನ್ನು ಹೆಸರು ಸಹಿತ ಬಳಸಲು ಒಪ್ಪಿದ್ದೇನೆ.

ಕಾಫಿ ಕೊಯ್ಲು ಮುಗಿದ ಮೇಲೆ ಇವರೆಲ್ಲರನ್ನೂ ಮನೆಗೆ ಊಟಕ್ಕೆ ಕರೆಯುವವಳಿದ್ದೇನೆ. ನನ್ನ ಎಡಗಡೆ ಕುಳಿತವರು ಸ್ವಲ್ಪ ಗಟ್ಟಿಯಾಗಿ ಮಾತನಾಡಬೇಕೆಂದು ವಿನಂತಿ.